ಮಗಳಿಗೊಂದು ಪತ್ರ: ಕಟ್ಟಡ ನೋಡಿದ್ದು ಸಾಕು, ಸಾಲದ ವಾಯಿದೆ ನೋಡು

ಪುಟ್ಟೀ,

ಬೋನಸ್ ದುಡ್ಡಿನಲ್ಲಿ ಆಫೀಸ್ ಪಾರ್ಕಿನ ರೀಟ್ ಯೂನಿಟ್ ತಗೊಳ್ಳಲಾ ಅಂತ ಕೇಳಿದ್ದೀಯ. ರೀಟ್ ಅಂದರೆ ಹಲವರ ದುಡ್ಡು ಸೇರಿಸಿ ಕಟ್ಟಡಗಳನ್ನು ಇಟ್ಟುಕೊಂಡು ಬಾಡಿಗೆ ಹಂಚುವ ವ್ಯವಸ್ಥೆ, ಅದರ ಒಂದು ಪಾಲೇ ಯೂನಿಟ್. "ಮಾನ್ಯತಾ ಟೆಕ್ ಪಾರ್ಕ್ ದಿನಾ ನೋಡ್ತೀನಮ್ಮ, ಜನ ತುಂಬಿ ತುಳುಕ್ತಾರೆ, ಬಾಡಿಗೆ ಬರ್ತಾನೇ ಇರುತ್ತೆ, ಎಫ್‌ಡಿಗಿಂತ ವಾಸಿ ಅಲ್ವಾ" ಅಂತ ಬರೆದಿದ್ದೀಯ. ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಗೇಟಿನ ಮುಂದಿನ ಟ್ರಾಫಿಕ್ ನೋಡಿ ಕಂಪನಿ ಗಟ್ಟಿ ಇದೆ ಅಂದುಕೊಳ್ಳಬೇಡ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಇಂಥ ಕಟ್ಟಡಗಳ ಫೈಲುಗಳನ್ನು ನೋಡಿಕೊಂಡೇ ನಾನು ರಿಟೈರ್ ಆದವಳು. ಬಾಡಿಗೆ ಸರಿಯಾಗಿ ಬರುತ್ತಿದ್ದರೂ, ಸಾಲದ ವಾಯಿದೆ ಬಂದ ದಿನ ಕೈಯಲ್ಲಿ ದುಡ್ಡಿಲ್ಲದೆ ಒದ್ದಾಡಿದ ಮಾಲೀಕರನ್ನು ಕಂಡಿದ್ದೇನೆ.

ದೇಶದ ಮೊದಲ ರೀಟ್ ನಮ್ಮ ಬೆಂಗಳೂರಿನದೇ. ಎಂಬಸಿ ಆಫೀಸ್ ಪಾರ್ಕ್ಸ್ 2019ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 300 ರೂಪಾಯಿಯಂತೆ ಷೇರುಪೇಟೆಗೆ ಬಂತು, ನೀನು ದಿನಾ ನೋಡುವ ಮಾನ್ಯತಾ ಅದರದ್ದೇ. ಆಮೇಲೆ 2020ರಲ್ಲಿ ಮೈಂಡ್‌ಸ್ಪೇಸ್, 2021ರಲ್ಲಿ ಬ್ರೂಕ್‌ಫೀಲ್ಡ್, 2023ರಲ್ಲಿ ಮಾಲ್‌ಗಳ ನೆಕ್ಸಸ್ ಬಂದವು. ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಸಾಕಷ್ಟು ಬಿಗಿಯಾಗಿಯೇ ಇದೆ. ಆಸ್ತಿಯಲ್ಲಿ ಶೇ. 80ರಷ್ಟಾದರೂ ಕಟ್ಟಿ ಮುಗಿದು ಬಾಡಿಗೆ ತರುತ್ತಿರಬೇಕು. ಸಾಲ ಆಸ್ತಿ ಮೌಲ್ಯದ ಶೇ. 49 ದಾಟುವಂತಿಲ್ಲ, ಶೇ. 25 ದಾಟಿದರೆ ಸಾಲ ತೀರಿಸುವ ಶಕ್ತಿಯ ರೇಟಿಂಗ್ ಬೇಕು, ಯೂನಿಟ್‌ದಾರರ ಒಪ್ಪಿಗೆಯೂ ಬೇಕು. ಹಂಚಲು ಸಿಗುವ ನಗದಿನಲ್ಲಿ ಶೇ. 90ನ್ನು ನಿಮಗೆ ಕೊಡಲೇಬೇಕು.

ಈ ಕೊನೆಯ ನಿಯಮ ಕೇಳಿ ಎಲ್ಲರೂ ಖುಷಿಪಡುತ್ತಾರೆ. ನನಗೆ ಮಾತ್ರ ಅಲ್ಲೇ ಪ್ರಶ್ನೆ ಏಳುವುದು. ಬಂದಿದ್ದೆಲ್ಲ ಹೀಗೆ ಹಂಚಿದರೆ ಸಾಲದ ಅಸಲು ತೀರಿಸಲು ಏನು ಉಳಿಯುತ್ತದೆ? ಜಾಸ್ತಿ ಏನೂ ಉಳಿಯುವುದಿಲ್ಲ. ಹಾಗಾಗಿ ಹಳೆ ಸಾಲ ತೀರಿಸಲು ಹೊಸ ಸಾಲ ತರುತ್ತಾರೆ. ಇದು ತಪ್ಪಲ್ಲ, ಈ ವ್ಯವಹಾರ ನಡೆಯುವುದೇ ಹಾಗೆ. ನಾವು ಬ್ಯಾಂಕಿನಲ್ಲಿ ಬಾಡಿಗೆ ಮೇಲೆ ಸಾಲ ಕೊಡುವಾಗ ಬಾಡಿಗೆಯೆಲ್ಲ ನೇರ ಬ್ಯಾಂಕಿನ ಹಿಡಿತದಲ್ಲಿರುವ ಎಸ್ಕ್ರೊ ಖಾತೆಗೆ ಬಂದು ಬೀಳುತ್ತಿತ್ತು, ನಮ್ಮ ಕಂತು ಮುರಿದುಕೊಂಡ ಮೇಲೆಯೇ ಮಾಲೀಕರಿಗೆ ಉಳಿದಿದ್ದು, ತಿಂಗಳು ತಿಂಗಳೂ ಅಸಲು ಕರಗುತ್ತಿತ್ತು. ರೀಟ್‌ಗಳು ಎತ್ತುವ ಡಿಬೆಂಚರ್‌ಗಳು, ಅಂದರೆ ಸಾಲಪತ್ರಗಳು, ಬಹುಪಾಲು ಹಾಗಲ್ಲ. ಮೂರು ವರ್ಷವೋ ಐದು ವರ್ಷವೋ ಬಡ್ಡಿ ಕಟ್ಟಿಕೊಂಡು ಹೋಗಿ ಕೊನೆಯ ದಿನ ಇಡೀ ಅಸಲು ಒಟ್ಟಿಗೆ ಕೊಡಬೇಕು. ಆ ದಿನ ಪೇಟೆಯಲ್ಲಿ ಬಡ್ಡಿ ಎಷ್ಟಿರುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. 2022ರ ಮೇ ಆರಂಭದಲ್ಲಿ ಶೇ. 4 ಇದ್ದ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) 2023ರ ಫೆಬ್ರವರಿಗೆ ಶೇ. 6.5 ಆಯಿತು, ಒಂದು ವರ್ಷವೂ ಹಿಡಿಯಲಿಲ್ಲ. ಅಗ್ಗದ ಕಾಲದಲ್ಲಿ ಎತ್ತಿದ ಸಾಲ ಆಮೇಲೆ ಬದಲಾಯಿಸಬೇಕಾಗಿ ಬಂದವರಿಗೆ ಬಡ್ಡಿ ಹೊರೆ ಎಷ್ಟು ಏರಿರಬೇಕು, ಯೋಚಿಸು.

ಒಂದು ಲೆಕ್ಕ ಹಾಕೋಣ, ಪೆನ್ನು ತಗೋ. ಒಂದು ಕಂಪನಿಗೆ ಖರ್ಚೆಲ್ಲ ಕಳೆದು ವರ್ಷಕ್ಕೆ 80 ಕೋಟಿ ಬಾಡಿಗೆ ಉಳಿಯುತ್ತದೆ ಅಂದುಕೋ. ಇಂಥ ಕಟ್ಟಡ ಕೊಳ್ಳುವವರು ಶೇ. 8 ಆದಾಯ ಸಿಕ್ಕರೆ ಸಾಕು ಅನ್ನುತ್ತಿದ್ದಾರೆ, ಹಾಗಾಗಿ ಮೌಲ್ಯ 1,000 ಕೋಟಿ. ಸಾಲ 450 ಕೋಟಿ, ಅಂದರೆ ಶೇ. 45. ನಿಯಮದ ಒಳಗೇ ಇದೆ. ಸಾಲದ ಬಡ್ಡಿ ಶೇ. 8 ಆದರೆ ವರ್ಷಕ್ಕೆ 36 ಕೋಟಿ. ಬಡ್ಡಿಯ ಎರಡು ಪಟ್ಟಿಗಿಂತ ಜಾಸ್ತಿ ಆದಾಯ ಇದೆ, ಚೆನ್ನಾಗಿದೆ. ಈಗ ಬಡ್ಡಿ ಏರಿ, ಕೊಳ್ಳುವವರೂ ಶೇ. 10 ಬೇಕು ಅಂದರು ಅಂತಿಟ್ಟುಕೋ. ಬಾಡಿಗೆ ಒಂದು ಪೈಸೆ ಕಡಿಮೆಯಾಗಿಲ್ಲ, ಒಬ್ಬ ಬಾಡಿಗೆದಾರನೂ ಬಿಟ್ಟಿಲ್ಲ. ಆದರೂ ಮೌಲ್ಯ 800 ಕೋಟಿಗೆ ಇಳಿಯಿತು. ಅದೇ 450 ಕೋಟಿ ಸಾಲ ಈಗ ಶೇ. 56. ಹೊಸ ಸಾಲದ ಬಡ್ಡಿಯೂ ಶೇ. 10 ಅಂದರೆ ವರ್ಷಕ್ಕೆ 45 ಕೋಟಿ. ಹೊಸದಾಗಿ ಸಾಲ ಕೊಡುವವರು ಅಷ್ಟು ಕೊಡಲು ಹಿಂದೆಮುಂದೆ ನೋಡುತ್ತಾರೆ. ನೀನು ಗೇಟಿನ ಮುಂದೆ ನಿಂತು ನೋಡಿದರೆ ಇದ್ಯಾವುದೂ ಕಾಣುವುದಿಲ್ಲ, ಜನ ಎಂದಿನಂತೆ ಬರುತ್ತಾ ಹೋಗುತ್ತಾ ಇರುತ್ತಾರೆ. ಅದಕ್ಕೇ ನಾನು ಶೇ. 45ರ ಕಂಪನಿಗಿಂತ 30ರ ಆಸುಪಾಸಿನದನ್ನು ಇಷ್ಟಪಡುವುದು, ಹಂಚಿಕೆ ಸ್ವಲ್ಪ ಕಡಿಮೆ ಬಂದರೂ ಸರಿ.

ಇನ್ನು ಬಾಡಿಗೆ ವಿಷಯ. ಆಕ್ಯುಪೆನ್ಸಿ (ಭರ್ತಿಯಾದ ಜಾಗ) ಶೇ. 90 ಅಂತ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಅದು ಒಪ್ಪಂದ ಆದ ಜಾಗವೋ, ಬಾಡಿಗೆ ಬರುತ್ತಿರುವ ಜಾಗವೋ ಕೇಳು. ಒಂದು ಸಲ ರೆಂಟ್ ರೋಲ್, ಅಂದರೆ ಬಾಡಿಗೆದಾರರ ಪಟ್ಟಿ, ಹಿಡಿದುಕೊಂಡು ಒಂದು ಕಟ್ಟಡದ ತಪಾಸಣೆಗೆ ಹೋಗಿದ್ದೆ. ಹಾಳೆಯಲ್ಲಿ ಮೂರನೇ ಮಹಡಿ ಭರ್ತಿ. ಮೇಲೆ ಹೋಗಿ ನೋಡಿದರೆ ಗಾಜಿಗೆಲ್ಲ ಒಳಗಿನಿಂದ ಪೇಪರ್ ಅಂಟಿಸಿದ್ದಾರೆ, ಚಾವಣಿಯಿಂದ ವೈರು ಜೋತು ಬಿದ್ದಿವೆ, ಇಬ್ಬರು ಬಡಗಿಗಳು ಪ್ಲೈವುಡ್ ಕೊಯ್ಯುತ್ತಿದ್ದಾರೆ. ಒಪ್ಪಂದಕ್ಕೆ ಸಹಿ ಬಿದ್ದಿದ್ದು ನಿಜ. ಆದರೆ ಒಳಗಿನ ಕೆಲಸ ಮುಗಿಸಿಕೊಳ್ಳಲು ಅಂತ ಬಾಡಿಗೆ ಇಲ್ಲದ ತಿಂಗಳುಗಳನ್ನು ಕೊಟ್ಟಿದ್ದರು, ದುಡ್ಡು ಶುರುವಾಗಲು ಇನ್ನೂ ಅರ್ಧ ವರ್ಷ ಇತ್ತು. ನಮ್ಮ ಕಂತು ಅಲ್ಲಿಯವರೆಗೆ ಕಾಯುತ್ತದಾ?

ಲೀಸ್ ಒಂಬತ್ತು ವರ್ಷದ್ದು ಅಂದರೂ ಪೂರ್ತಿ ನಂಬಬೇಡ. ಬಾಡಿಗೆದಾರರಿಗೆ ಲಾಕ್-ಇನ್, ಅಂದರೆ ಬಿಟ್ಟು ಹೋಗುವಂತಿಲ್ಲದ ಅವಧಿ, ಇರುವುದು ಸಾಮಾನ್ಯವಾಗಿ ಮೂರರಿಂದ ಐದು ವರ್ಷ, ಆಮೇಲೆ ನೋಟಿಸ್ ಕೊಟ್ಟು ಹೊರಡಬಹುದು. ಮಾಲೀಕರು ಮಾತ್ರ ಅಷ್ಟು ಸುಲಭವಾಗಿ ಬಿಡಿಸುವಂತಿಲ್ಲ. ಮೂರು ವರ್ಷಕ್ಕೊಮ್ಮೆ ಶೇ. 15 ಏರಿಕೆ ಅಂತ ಬರೆದಿರುವುದೂ ಆ ಬಾಡಿಗೆದಾರ ಉಳಿದರೆ ತಾನೇ. ಮೊದಲ ಹತ್ತು ಬಾಡಿಗೆದಾರರಿಂದಲೇ ಬಾಡಿಗೆಯ ಎಷ್ಟು ಪಾಲು ಬರುತ್ತದೆ, ಅವರಲ್ಲಿ ಎಷ್ಟು ಜನ ಒಂದೇ ಉದ್ಯಮದವರು, ಇದನ್ನೂ ನೋಡು. ಜಾಗ ಬಾಡಿಗೆಗೆ ಹಿಡಿದು ಬಿಡಿಬಿಡಿಯಾಗಿ ಬೇರೆಯವರಿಗೆ ಕೊಡುವ ಕೋ-ವರ್ಕಿಂಗ್‌ನವರ ಪಾಲನ್ನು ಬೇರೆಯಾಗಿ ನೋಡು. ಅಂಥದ್ದೇ ಅಮೆರಿಕದ ವೀವರ್ಕ್ 2019ರ ಶುರುವಿನಲ್ಲಿ 47 ಬಿಲಿಯನ್ ಡಾಲರ್ ಬೆಲೆಯ ಕಂಪನಿ ಅನಿಸಿಕೊಂಡಿತ್ತು, 2023ರ ನವೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಕೋರ್ಟ್ ಮೆಟ್ಟಿಲು ಹತ್ತಿತು. ಕಟ್ಟಡದವರಿಗೆ ವರ್ಷಗಟ್ಟಲೆ ಬಾಡಿಗೆ ಕೊಡುವ ಮಾತು ಕೊಟ್ಟಿದ್ದರು, ತಾವು ಜಾಗ ಕೊಟ್ಟಿದ್ದು ತಿಂಗಳ ಲೆಕ್ಕದ ಗಿರಾಕಿಗಳಿಗೂ.

ಖಾಲಿ ಜಾಗ ಕಂಡರೆ ಯಾಕೆ ಖಾಲಿ ಅಂತಲೂ ತಿಳಿದುಕೋ, ಎಲ್ಲ ಖಾಲಿಯೂ ಒಂದೇ ಅಲ್ಲ. ನಮ್ಮ ಐಟಿ ಪಾರ್ಕುಗಳಲ್ಲಿ ಎಷ್ಟೋ ವಿಶೇಷ ಆರ್ಥಿಕ ವಲಯ, ಅಂದರೆ ಎಸ್‌ಇಝಡ್ ಆಗಿ ಕಟ್ಟಿದವು. 2020ರಲ್ಲಿ ಹೊಸ ಘಟಕಗಳಿಗೆ ಆದಾಯ ತೆರಿಗೆ ರಿಯಾಯಿತಿ ನಿಂತಿತು, ಹೊಸ ಕಂಪನಿಗಳಿಗೆ ಅಲ್ಲಿ ಹೋಗುವ ಆಸೆ ಹೋಯಿತು. ಎಸ್‌ಇಝಡ್ ಅಲ್ಲದವರಿಗೆ ಕೊಡೋಣ ಅಂದರೆ ನಿಯಮ ಅಡ್ಡ. 2023ರ ಡಿಸೆಂಬರ್‌ನಲ್ಲಿ ಮಹಡಿ ಲೆಕ್ಕದಲ್ಲಿ ಜಾಗ ಬಿಡಿಸಿಕೊಳ್ಳಲು ಅವಕಾಶ ಕೊಟ್ಟರು. ಅಂಥ ಖಾಲಿ ಮಹಡಿ ಮತ್ತೆ ತುಂಬಬಹುದು. ಹೋಗಿಬರಲು ಕಷ್ಟ ಅಂತ ಜನ ಬಿಟ್ಟುಹೋದ ಜಾಗಕ್ಕೆ ಹಾಗೆ ಹೇಳಲಾರೆ.

ಮೂರು ತಿಂಗಳಿಗೊಮ್ಮೆ ಬರುವ ಹಂಚಿಕೆಯನ್ನೂ ಪೂರ್ತಿ ಬಾಡಿಗೆ ಅಂದುಕೊಳ್ಳಬೇಡ. ಅದರಲ್ಲಿ ಬಡ್ಡಿ ಇಷ್ಟು, ಡಿವಿಡೆಂಡ್ ಇಷ್ಟು, ಕಟ್ಟಡದ ಕಂಪನಿಗಳಿಗೆ ರೀಟ್ ಕೊಟ್ಟ ಸಾಲದ ಮರುಪಾವತಿ ಇಷ್ಟು ಅಂತ ಬಿಡಿಸಿ ಬರೆದಿರುತ್ತಾರೆ. ಆ ಮೂರನೆಯದು ಲೆಕ್ಕದಲ್ಲಿ ನಿನ್ನ ಅಸಲೇ ನಿನಗೆ ವಾಪಸ್ ಬಂದ ಹಾಗೆ. ತೆರಿಗೆಯೂ ಒಂದೊಂದಕ್ಕೆ ಒಂದೊಂದು ಥರ. ಶೇ. 6 ಸಿಗುತ್ತದೆ, 7 ಸಿಗುತ್ತದೆ ಅಂತ ನಿನ್ನ ಫ್ರೆಂಡ್ಸ್ ಹೇಳುವಾಗ ಇದನ್ನು ಬಿಡಿಸಿ ನೋಡಿದ್ದಾರಾ ಕೇಳು. ಎಫ್‌ಡಿಗೆ ಹೋಲಿಸುವುದಂತೂ ಬೇಡವೇ ಬೇಡ, ಯೂನಿಟ್ ಬೆಲೆ ದಿನಾ ಏರಿಳಿಯುತ್ತದೆ.

ಈಗ ಒಂದು ಕೆಲಸ ಮಾಡು. ನೀನು ನೋಡಿಟ್ಟಿರುವ ರೀಟ್‌ನ ಇತ್ತೀಚಿನ ಫಲಿತಾಂಶದ ಪ್ರೆಸೆಂಟೇಶನ್ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಯಾವ ವರ್ಷ ಎಷ್ಟು ಸಾಲ ತೀರಿಸಬೇಕು ಅನ್ನುವ ಪುಟ, ಯಾವ ವರ್ಷ ಎಷ್ಟು ಲೀಸ್ ಮುಗಿಯುತ್ತದೆ ಅನ್ನುವ ಪುಟ, ಎರಡನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟುಕೋ. ಒಂದೇ ವರ್ಷದಲ್ಲಿ ಎರಡೂ ದೊಡ್ಡದಾಗಿ ಬಂದು ಕೂತಿದ್ದರೆ ಆ ವರ್ಷಕ್ಕೆ ಕೆಂಪು ಗುರುತು ಹಾಕು. ಬಡ್ಡಿ ಎಷ್ಟು ಭಾಗ ಸ್ಥಿರ, ಎಷ್ಟು ಭಾಗ ರೆಪೊ ಜೊತೆ ಏರಿಳಿಯುತ್ತದೆ ಅಂತ ಬರೆದುಕೋ. ನನಗೂ ಆ ಪುಟಗಳ ಫೋಟೊ ವಾಟ್ಸಾಪ್ ಮಾಡು, ಶನಿವಾರ ಸಂಜೆ ಫೋನಿನಲ್ಲಿ ಕೂತು ಒಟ್ಟಿಗೆ ನೋಡೋಣ. ಅಲ್ಲಿಯವರೆಗೆ ದುಡ್ಡು ಎಫ್‌ಡಿಯಲ್ಲೇ ಇರಲಿ. ಆಮೇಲೂ ಬೋನಸ್ ಪೂರ್ತಿ ಹಾಕಬೇಡ, ನಿನ್ನ ಆರು ತಿಂಗಳ ಬಾಡಿಗೆ, ಊಟದ ಖರ್ಚು ತೆಗೆದಿಟ್ಟು ಉಳಿದಿದ್ದರಲ್ಲಿ ಸ್ವಲ್ಪ ಹಾಕು.

ಇಂತಿ ನಿನ್ನ
ಅಮ್ಮ