ಟಾರ್ಚ್ ಟಾರ್ಚಾಗಿಯೇ ಇರಲಿ

ಪ್ರೀತಿಯ ತಂಗಿ,

ನಿನ್ನ ಕಾದಂಬರಿ ಓದಿ ಮುಗಿಸಿದೆ. ಏಕವಚನದಲ್ಲೇ ಬರೆಯುತ್ತಿದ್ದೇನೆ, ಬೇಜಾರಿಲ್ಲ ತಾನೇ? ನಿನ್ನ ಪತ್ರದ ಕೊನೆಗೆ "ಇದನ್ನೆಲ್ಲ ಹರಿದು ಹಾಕಿಬಿಡಲಾ?" ಎಂದು ಕೇಳಿದ್ದೀಯ. ಬೇಡ. ಹರಿದು ಹಾಕುವಂಥದ್ದು ಇದರಲ್ಲಿ ಒಂದಿಷ್ಟು ಖಂಡಿತ ಇದೆ. ಆದರೆ ಅದು ಯಾವುದು ಅಂತ ನಿನಗಿನ್ನೂ ಗೊತ್ತಾಗಿಲ್ಲ. ಅದಕ್ಕೇ ಈ ಪತ್ರ.

ಪ್ರಕಾಶಕರನ್ನು ಹುಡುಕುವುದು ಹೇಗೆ, ಅಧ್ಯಾಯ ಎಷ್ಟು ಉದ್ದ ಇರಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನನಗೆ ಮಾತಾಡಬೇಕಿರುವುದು ಆ ಟಾರ್ಚಿನ ಬಗ್ಗೆ.

ಮನೆ ಬಿಟ್ಟು ಹೋದ ಅಪ್ಪನ ಟಾರ್ಚ್ ಡ್ರಾಯರಿನಲ್ಲಿ ಉಳಿದಿದೆ. ನಿನ್ನ ಕಾದಂಬರಿಯ ಹುಡುಗ ಅದನ್ನು ಹೊತ್ತಿಸುವುದೇ ಇಲ್ಲ. ಕರೆಂಟು ಹೋದರೆ ಗೋಡೆ ತಡವಿಕೊಂಡು ನಡೆಯುತ್ತಾನೆ, ಡ್ರಾಯರ್ ಮಾತ್ರ ತೆಗೆಯುವುದಿಲ್ಲ. ಸೆಲ್ಲು ಮುಗಿದುಹೋದರೆ ಅನ್ನುವ ಭಯ. ಪುಟ್ಟ ತಂಗಿ ಮುಟ್ಟಲು ಹೋದರೆ ಅವಳ ಕೈಗೆ ಪಟ್ಟನೆ ಹೊಡೆಯುತ್ತಾನೆ. ಇಷ್ಟು ಓದುವಷ್ಟರಲ್ಲಿ ಆ ಹುಡುಗ ನನಗೆ ಪೂರ್ತಿ ಗೊತ್ತಾಗಿಹೋದ. ಅವನು ಯಾರಿಗೆ ಕಾಯುತ್ತಿದ್ದಾನೆ, ಅವನ ಪ್ರೀತಿಯಲ್ಲಿ ಎಷ್ಟು ಜಿಪುಣತನ ಇದೆ, ಬದುಕು ಮುಂದೆ ಸಾಗಿಸುತ್ತಿರುವ ಅಮ್ಮನ ಮೇಲೆ ಯಾಕೆ ಸಿಟ್ಟು, ಎಲ್ಲ. ಇಂಥ ಒಂದೂವರೆ ಪುಟ ಬರೆದವಳು ಹರಿದು ಹಾಕುವ ಮಾತು ಆಡಬಾರದು.

ಅದೇ ನೀನು ಮುಂದಿನ ಪುಟದಲ್ಲಿ ಏನು ಮಾಡಿದ್ದೀಯ ನೋಡು. "ಆ ಟಾರ್ಚ್ ಅವನ ಪಾಲಿಗೆ ಅಪ್ಪನ ನೆನಪಿನ ಬೆಳಕಾಗಿತ್ತು." ಯಾಕಮ್ಮಾ? ಓದುವವರ ಮೇಲೆ ಅಷ್ಟೂ ನಂಬಿಕೆ ಇಲ್ವಾ? ಆ ಸಾಲು ಬಂದ ಕೂಡಲೇ ಹುಡುಗನ ಡ್ರಾಯರಿನಲ್ಲಿದ್ದ ಟಾರ್ಚ್ ಮಾಯವಾಯಿತು, ನಿನ್ನ ವಿವರಣೆ ಬಂದು ಆ ಜಾಗದಲ್ಲಿ ಕೂತಿತು. ಹನ್ನೆರಡು ವರ್ಷದ ಹುಡುಗನಿಗೆ ತನ್ನ ಟಾರ್ಚು ಸಂಕೇತ ಅಂತ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅವನು ಆಗಲೇ ಬೆಳೆದುಬಿಟ್ಟ ಹಾಗೆ. ಮತ್ತೆ ಕಾದಂಬರಿ ಯಾಕೆ ಬೇಕು?

ಈ ವಿಷಯದಲ್ಲಿ ನನಗೆ ಹಳೆಯದೊಂದು ಸಿಟ್ಟಿದೆ. ನನ್ನ ಮೊದಲ ಕಾದಂಬರಿಯ ಹುಡುಗಿ ವರ್ಷ ವರ್ಷವೂ ಅದೇ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡಿಕೊಳ್ಳುತ್ತಾಳೆ. ಮಡಿಕೆ ಇದ್ದ ಕಡೆ ಬಣ್ಣ ಮಾಸದೆ ಗಾಢವಾಗಿ ಉಳಿದಿರುತ್ತದೆ. ಅಷ್ಟೇ ಬರೆದಿದ್ದೆ. ಅಚ್ಚಿಗೆ ಹೋಗುವಾಗ ಸಂಪಾದಕರೊಬ್ಬರು ನನ್ನನ್ನು ಕೇಳದೆ "ಬಾಲ್ಯ ಅವಳನ್ನು ಬಿಗಿಯುತ್ತಿತ್ತು" ಎಂಬ ಸಾಲು ಸೇರಿಸಿಬಿಟ್ಟರು. ವಿಮರ್ಶಕರು ಎತ್ತಿ ತೋರಿಸಿ ಹೊಗಳಿದ್ದು ಅದೇ ಸಾಲನ್ನು. ಆ ಹೊಗಳಿಕೆ ಇವತ್ತಿಗೂ ನನಗೆ ಜೀರ್ಣವಾಗಿಲ್ಲ. ನಿನಗೂ ಇಂಥ ಹೊಗಳಿಕೆ ಬರುತ್ತದೆ. ಅದಕ್ಕೆ ಸೋಲಬೇಡ.

ಡಿಕೆನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಓದಿದ್ದೀಯಾ? 1860-61ರಲ್ಲಿ ವಾರವಾರ ಬಂದ ಕತೆ. ಪಿಪ್ ಎಂಬ ಪುಟ್ಟ ಹುಡುಗ, ತಪ್ಪಿಸಿಕೊಂಡು ಬಂದ ಕೈದಿಗೆ ಹೆದರಿ, ಕಮ್ಮಾರ ಭಾವನ ಅರ ಕದ್ದು ಕೊಡುತ್ತಾನೆ. ಕಾಲಿನ ಬೇಡಿ ಉಜ್ಜಿ ತೆಗೆಯಲು. ಬಹಳ ಕಾಲದ ಮೇಲೆ ಒಂದು ಹೆಂಡದಂಗಡಿಯಲ್ಲಿ ಅಪರಿಚಿತನೊಬ್ಬ ತನ್ನ ಲೋಟದ ರಮ್ಮನ್ನು ಕಲಕುತ್ತಾನೆ, ಚಮಚದಿಂದಲ್ಲ, ಅದೇ ಅರದಿಂದ. ಪಿಪ್‌ಗೆ ಮಾತ್ರ ಕಾಣುವ ಹಾಗೆ. ಕಲಕಿ, ಒರೆಸಿ, ಜೇಬಿಗೆ ಹಾಕಿಕೊಳ್ಳುತ್ತಾನೆ. ಅವತ್ತು ರಾತ್ರಿ ಹುಡುಗನ ಕನಸಿನಲ್ಲಿ ಆ ಅರ ಬಾಗಿಲಿನಿಂದ ತನ್ನ ಕಡೆಗೇ ಬರುತ್ತದೆ. ಹಿಡಿದವರು ಯಾರೋ ಕಾಣುವುದಿಲ್ಲ. ಕಿರುಚಿಕೊಂಡು ಏಳುತ್ತಾನೆ. ಆ ಹುಡುಗನ ತಪ್ಪಿತಸ್ಥ ಮನಸ್ಸು, ದೊಡ್ಡವನಾದ ಮೇಲೂ ಅವನನ್ನು ಬಿಡದ ಕೈದಿಯ ನಂಟು, ಎರಡೂ ಅಲ್ಲಿವೆ. ಆದರೂ ಅರ ಕೊನೆಯವರೆಗೂ ಕಬ್ಬಿಣ ಉಜ್ಜುವ ಅರವೇ. ಅದಕ್ಕೊಂದು ಕೆಲಸ ಇತ್ತು, ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು, ತಿರುಗಿ ಬಂತು.

ಸಾಲಿಂಜರ್‌ನ 1951ರ ಕಾದಂಬರಿ 'ದ ಕ್ಯಾಚರ್ ಇನ್ ದ ರೈ'ನಲ್ಲಿ ಕತೆ ಹೇಳುವ ಹುಡುಗ ಹೋಲ್ಡನ್‌ನ ಕೆಂಪು ಟೋಪಿಯೂ ಹೀಗೇ. ಟ್ಯಾಕ್ಸಿಯಲ್ಲಿ ಹಾಕಿಕೊಳ್ಳುವವನು ಹೋಟೆಲಿಗೆ ಹೋಗುವ ಮೊದಲು ತೆಗೆದುಬಿಡುತ್ತಾನೆ, ಜನ ಏನಂದುಕೊಳ್ಳುತ್ತಾರೋ ಅಂತ. ಆಮೇಲೆ ಅದನ್ನು ತಂಗಿಗೆ ಕೊಡುತ್ತಾನೆ. ಕೊನೆಗೆ ಅವಳೇ ಅದನ್ನು ಅವನ ತಲೆಗೆ ಹಾಕುತ್ತಾಳೆ. ಹಾಕಿದ್ದು, ತೆಗೆದದ್ದು, ಕೊಟ್ಟದ್ದು, ಮರಳಿ ಪಡೆದದ್ದು. ಈ ಕ್ರಿಯಾಪದಗಳನ್ನು ನೋಡು. ಹುಡುಗ ಬೆಳೆಯುವುದು ಕಾಣುವುದೇ ಅಲ್ಲಿ.

ಈಗ ನಿನ್ನ ಕೊನೆಯ ಅಧ್ಯಾಯ. ಆರು ವರ್ಷ ಡ್ರಾಯರಿನಲ್ಲಿ ಬಿದ್ದಿದ್ದ ಟಾರ್ಚ್ ಗುಂಡಿ ಒತ್ತಿದ ಕೂಡಲೇ ಫಳ್ಳನೆ ಹೊತ್ತಿಕೊಳ್ಳುತ್ತದೆ, ಹುಡುಗ ಅಳುತ್ತಾನೆ. ನಾನು ನಂಬಲಿಲ್ಲ. ನೀನು ಹಳೇ ಟಾರ್ಚ್ ಬಿಚ್ಚಿ ನೋಡಿದ್ದೀಯಾ? ಸಾಮಾನ್ಯ ಸೆಲ್ಲಿನ ಹೊರಗಿನ ಡಬ್ಬಿ ಸತುವಿನದು. ಬಳಸದೆ ಇಟ್ಟರೂ ಅದು ಒಳಗೊಳಗೇ ಸವೆಯುತ್ತದೆ. ಆಮೇಲೆ ತೂತು ಬಿದ್ದು ಸೋರುತ್ತದೆ. ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ, ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಸೆಲ್ಲು ಊದಿ ಒಳಗೇ ಕಚ್ಚಿಕೊಳ್ಳುತ್ತದೆ. ಅಂದರೆ ನಿನ್ನ ಹುಡುಗ ಮುಗಿದುಹೋಗಬಾರದು ಅಂತ ಕಾಪಾಡಿದ್ದು ಹಾಗೆ ಕಾಪಾಡಿದ್ದರಿಂದಲೇ ಹಾಳಾಗಿದೆ. ಇಷ್ಟು ದೊಡ್ಡ ವಿಷಯ ಆ ಟಾರ್ಚಿನ ಹೊಟ್ಟೆಯಲ್ಲೇ ಇತ್ತು. ನೀನು ಅರ್ಥದ ಹಿಂದೆ ಓಡಿದೆ, ವಸ್ತುವಿನ ಹತ್ತಿರ ಹೋಗಲಿಲ್ಲ.

ಅವನು ಅದನ್ನು ಬಿಚ್ಚಲಿ. ನೆಲಕ್ಕೆ ಕುಟ್ಟಿ ಕುಟ್ಟಿ ಸೆಲ್ಲು ಉದುರಿಸಲಿ. ಕೈಗೆ ಅಂಟಿದ ಪುಡಿ ತೊಳೆಯಲಿ. ಸ್ಪ್ರಿಂಗ್ ಉಜ್ಜಲಿ. ಹೊಸ ಸೆಲ್ಲು ತಂದು ಹಾಕಬೇಕಾ, ಬೇಡವಾ, ತಂಗಿಯ ಕೈಗೆ ಕೊಡುತ್ತಾನಾ ಅನ್ನುವುದು ನಿನಗೆ ಬಿಟ್ಟದ್ದು. ಅಳು ಮಾತ್ರ ಬೇಡ. ಈಗಷ್ಟೇ ನಾನು ಹೇಳಿದ ಕಾಪಾಡುವ ಮಾತನ್ನೂ ಎಲ್ಲೂ ಬರೆಯಬೇಡ, ದಯವಿಟ್ಟು.

ನದಿ, ಪಂಜರದ ಗಿಳಿ, ಒಡೆದ ಕನ್ನಡಿ ಮೂರನ್ನೂ ತೆಗೆದುಬಿಡು. ನಿನ್ನ ಹುಡುಗ ಆ ನದಿಯಲ್ಲಿ ಒಮ್ಮೆಯೂ ಕಾಲಿಟ್ಟಿಲ್ಲ, ಆ ಗಿಳಿಗೆ ಒಂದು ಕಾಳೂ ಹಾಕಿಲ್ಲ. ಅವು ಬೇರೆಯವರ ಪುಸ್ತಕಗಳಿಂದ ಹಾರಿ ಬಂದು ಕೂತಂಥವು. ಅವನು ದಿನಾ ಮುಟ್ಟುವ ಸಾಮಾನಿನ ಪಟ್ಟಿ ಮಾಡು. ಬೀಗದ ಕೈ, ಬಕೆಟ್ಟು, ಅಮ್ಮನ ಬ್ಯಾಗು. ಅಮ್ಮನ ಬ್ಯಾಗನ್ನು ಅವನು ಯಾಕೆ ಯಾವಾಗಲೂ ಕದ್ದು ನೋಡುತ್ತಾನೆ? ನೀನೇ ಬರೆದದ್ದು, ಎರಡು ಕಡೆ ಬರುತ್ತದೆ, ಆಮೇಲೆ ಮರೆತುಬಿಟ್ಟಿದ್ದೀಯ. ನನಗಂತೂ ಅದು ತಲೆಯಲ್ಲಿ ಕೊರೆಯುತ್ತಿದೆ.

ಪೂರ್ತಿ ತಿದ್ದುವವರೆಗೆ ಕಾಯಬೇಡ. ಟಾರ್ಚಿನ ಅಧ್ಯಾಯ ಮೊದಲು ಬರೆದು ಕಳಿಸು. ಮತ್ತೆ, ಆ ಪುಟ್ಟ ತಂಗಿಗೆ ಇಟ್ಟ ಹೆಸರು ಬದಲಿಸುತ್ತೇನೆ ಅಂದಿದ್ದೀಯಲ್ಲ, ಬದಲಿಸಬೇಡ. ನನಗೆ ಅದು ತುಂಬಾ ಹಿಡಿಸಿದೆ.

ಪ್ರೀತಿಯಿಂದ,
ನಿನ್ನ ಅಣ್ಣ