ವೈದ್ಯರಿಲ್ಲದ ಹೊತ್ತಿನಲ್ಲಿ ಸೂಜಿ ಯಾರ ಕೈಯಲ್ಲಿ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ವಾಂತಿಯಿಂದ ಸೊರಗಿದ್ದ ನಮ್ಮ ನಾಯಿಯನ್ನು ಮನೆ ಸಮೀಪದ ಖಾಸಗಿ ಚಿಕಿತ್ಸಾಲಯಕ್ಕೆ ಕರೆದೊಯ್ದಾಗ ವೈದ್ಯರು ಇರಲಿಲ್ಲ. ಅಲ್ಲಿದ್ದ ಸಹಾಯಕರು ಫೋನಿನಲ್ಲಿ ಯಾರನ್ನೋ ಒಂದು ಮಾತು ಕೇಳಿ, ಡ್ರಿಪ್ ಹಾಕಿ, ಎರಡು ಇಂಜೆಕ್ಷನ್ ಕೊಟ್ಟು, ಔಷಧದ ಚೀಟಿಯನ್ನೂ ಬರೆದುಕೊಟ್ಟರು. ನಾಯಿ ಚೇತರಿಸಿಕೊಂಡಿತು, ಅವರ ಕೈಗುಣದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಏನು ಓದಿದ್ದೀರಿ ಎಂದು ವಿಚಾರಿಸಿದ್ದಕ್ಕೆ ಸಿಕ್ಕ ಉತ್ತರ ‘ಎಂಟು ವರ್ಷದಿಂದ ಇಲ್ಲೇ ಇದ್ದೀನಿ ಸರ್’ ಎಂಬುದಷ್ಟೇ.

1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಚಿಕಿತ್ಸಾ ವೃತ್ತಿ ನಡೆಸುವಂತಿಲ್ಲ. ಪಶುಸಂಗೋಪನಾ ಇಲಾಖೆ ಅಥವಾ ಪಶುವೈದ್ಯ ಸಂಸ್ಥೆ ನೀಡಿದ ಡಿಪ್ಲೊಮಾ ಇಲ್ಲವೇ ಪ್ರಮಾಣಪತ್ರ ಪಡೆದವರಿಗೆ ಮಾತ್ರ, ರಾಜ್ಯ ಸರ್ಕಾರದ ಆದೇಶವಿದ್ದಲ್ಲಿ, ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ ಸಣ್ಣಪುಟ್ಟ ಸೇವೆಗಳಿಗೆ ಅವಕಾಶವಿದೆ. ಈ ಪಟ್ಟಿಯನ್ನು ಅಧಿಸೂಚನೆಯ ಮೂಲಕ ವಿಸ್ತರಿಸುವ ಅಧಿಕಾರವೂ ರಾಜ್ಯಕ್ಕಿದೆ.

ಹಳ್ಳಿಯ ದನದ ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿರುವ ಈ ಮಾತುಗಳು ಬೆಂಗಳೂರಿನ ನಾಯಿ, ಬೆಕ್ಕುಗಳ ಚಿಕಿತ್ಸಾಲಯಕ್ಕೆ ಸಾಲುವುದಿಲ್ಲ. ಹೋರಿಯ ಬೀಜ ಒಡೆಯುವುದೇ ಬೇರೆ, ಅರಿವಳಿಕೆಯಲ್ಲಿರುವ ಬೆಕ್ಕಿನ ಗರ್ಭಕೋಶ ತೆಗೆಯುವಾಗ ಪಕ್ಕದಲ್ಲಿ ನಿಂತು ಅದರ ಉಸಿರು, ಎದೆಬಡಿತಗಳ ಮೇಲೆ ಕಣ್ಣಿಡುವುದೇ ಬೇರೆ. ಎರಡನೆಯ ಕೆಲಸ ಮಾಡುವವರಿಗೆ ನಮ್ಮಲ್ಲಿ ‘ಕಾಂಪೌಂಡರ್’ ಎಂಬ ಹಳೆಯ ಹೆಸರಿನ ಹೊರತು ಬೇರೆ ಗುರುತಿಲ್ಲ. ಬ್ರಿಟನ್ನಿನಲ್ಲಿ 1966ರ ಕಾಯ್ದೆಯ ಮೂರನೇ ಅನುಸೂಚಿಯು ನೋಂದಾಯಿತ ಪಶುವೈದ್ಯ ನರ್ಸ್‌ಗಳು ವೈದ್ಯರ ನಿರ್ದೇಶನದಲ್ಲಿ ಔಷಧೋಪಚಾರವನ್ನೂ, ಹೊಟ್ಟೆ, ಎದೆಗಳ ಒಳಭಾಗವನ್ನು ತೆರೆಯದ ಸಣ್ಣ ಶಸ್ತ್ರಚಿಕಿತ್ಸೆಯನ್ನೂ ಮಾಡಲು ಅನುಮತಿಸುತ್ತದೆ. ಅಲ್ಲಿ ಗೆರೆ ಎಲ್ಲಿದೆ ಎಂಬುದಾದರೂ ಸ್ಪಷ್ಟ.

ಬಾಗಿಲು ಮುಚ್ಚಿಸುವ ದಾಳಿಗಳನ್ನು ನಾನು ಬಯಸುವುದಿಲ್ಲ. ಅದರಿಂದ ಮೊದಲು ಬೀದಿಗೆ ಬೀಳುವವರು ಕಚ್ಚಿಸಿಕೊಂಡು, ಪರಚಿಸಿಕೊಂಡು ದುಡಿಯುವ ಈ ಸಹಾಯಕರೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅವರಿಗಾಗಿ ಸಂಜೆಯ ಪ್ರಮಾಣಪತ್ರ ಕೋರ್ಸ್ ಆರಂಭಿಸಬಹುದು. ಡ್ರಿಪ್ ಹಾಕಲು ವೈದ್ಯರು ಎದುರಿಗಿರಬೇಕೇ, ಫೋನಿನ ಸೂಚನೆ ಸಾಕೇ ಎಂಬುದನ್ನು ಸರ್ಕಾರವು ಅಧಿಸೂಚನೆಯಲ್ಲಿ ಬಿಡಿಸಿ ಹೇಳಬೇಕು. ಅಲ್ಲಿಯವರೆಗೆ ಪ್ರತಿ ಚಿಕಿತ್ಸಾಲಯವೂ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಮತ್ತು ಅವರು ಖುದ್ದಾಗಿ ಇರುವ ವೇಳೆಯನ್ನು ಬಾಗಿಲಲ್ಲೇ ಕನ್ನಡದಲ್ಲಿ ಪ್ರದರ್ಶಿಸುವಂತೆ ಪಶುವೈದ್ಯ ಪರಿಷತ್ತು ಸೂಚಿಸಲಿ.

— ಓದುಗ, ಬೆಂಗಳೂರು