ನೋಡಿಕೊಳ್ಳುವವರನ್ನು ಕೇಳಿದ ರೋಸಲಿನ್

ಗೆಳೆಯಾ,

ನಿನ್ನ ಮೆಸೇಜು ಓದಿದೆ. ಅಮ್ಮನ ಮರೆವು ಜಾಸ್ತಿಯಾಗಿದೆ, ರಾತ್ರಿ ಎದ್ದು ಬಾಗಿಲು ತೆಗೆಯಲು ಹೋಗುತ್ತಾರೆ, ಅದಕ್ಕೇ ನಡುಮನೆಯಲ್ಲಿ ಚಾಪೆ ಹಾಕಿ ಮಲಗುತ್ತಿದ್ದೀನಿ ಎಂದು ಬರೆದಿದ್ದೆ. ಕೊನೆಗೊಂದು ಸಾಲು: 'ಬಂದವರೆಲ್ಲ ಅಮ್ಮ ಹೇಗಿದ್ದಾರೆ ಅಂತಾರೆ, ನನ್ನನ್ನು ಯಾರೂ ಕೇಳಲ್ಲ ಮಾರಾಯ.' ಆ ಸಾಲು ಓದಿದಾಗ ನನಗೆ ರೋಸಲಿನ್ ಕಾರ್ಟರ್ ನೆನಪಾದರು. ಹೌದು, ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ಹೆಂಡತಿ. ಎಲ್ಲಿಂದೆಲ್ಲಿಗೆ ಅಂತ ನಗಬೇಡ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜಿಮ್ಮಿ ಗವರ್ನರ್ ಹುದ್ದೆಗೆ ಚುನಾವಣೆಗೆ ನಿಂತಿದ್ದ ಕಾಲ. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ರೋಸಲಿನ್ ಊರೂರು ತಿರುಗಿ ವೋಟು ಕೇಳುತ್ತಿದ್ದರು. ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಒಂದು ಹತ್ತಿ ಗಿರಣಿಯ ಗೇಟಿನ ಮುಂದೆ ನಿಂತಿದ್ದರು. ರಾತ್ರಿ ಪಾಳಿ ಮುಗಿಸಿ ಒಬ್ಬ ಹೆಂಗಸು ಹೊರಗೆ ಬಂದಳು. ತಲೆಗೂದಲು, ಬಟ್ಟೆ ಎಲ್ಲದರ ಮೇಲೂ ಹತ್ತಿಯ ನವಿರು. ಇನ್ನಾದರೂ ಮನೆಗೆ ಹೋಗಿ ಸ್ವಲ್ಪ ಮಲಗಿ ಎಂದರು ರೋಸಲಿನ್. ಎಲ್ಲಿಯ ನಿದ್ದೆ? ಮನೆಯಲ್ಲಿ ಮಾನಸಿಕ ಕಾಯಿಲೆಯ ಮಗಳಿದ್ದಾಳೆ, ಗಂಡನ ಸಂಬಳ ಅವಳ ಖರ್ಚಿಗೆ ಸಾಲುವುದಿಲ್ಲ. ಹಗಲು ಅವನು ದುಡಿಯುವಾಗ ಇವಳು ಮಗಳನ್ನು ನೋಡಿಕೊಳ್ಳಬೇಕು, ರಾತ್ರಿ ಗಿರಣಿಗೆ ಬರಬೇಕು.

ಅದೇ ದಿನ ಜಿಮ್ಮಿಯ ಸಭೆ ಇತ್ತು. ಭಾಷಣ ಮುಗಿದ ಮೇಲೆ ಕೈ ಕುಲುಕಲು ಜನ ಸಾಲು ನಿಂತಿದ್ದರು. ರೋಸಲಿನ್ ಕೂಡ ಸಾಲಿನಲ್ಲಿ ನಿಂತರು! ಜಿಮ್ಮಿ ಮುಖ ನೋಡದೆ ಕೈ ಹಿಡಿದುಕೊಂಡರು, ಆಮೇಲೆ ನೋಡಿದರೆ ಹೆಂಡತಿ. ನೀವು ಗವರ್ನರ್ ಆದರೆ ಮಾನಸಿಕ ರೋಗಿಗಳಿಗೆ ಏನು ಮಾಡುತ್ತೀರಿ ಎಂದು ಕೇಳಿದರು. ದೇಶದಲ್ಲೇ ಒಳ್ಳೆಯ ವ್ಯವಸ್ಥೆ ಮಾಡುತ್ತೇನೆ, ಅದನ್ನು ನಿನಗೇ ವಹಿಸುತ್ತೇನೆ ಎಂದರಂತೆ ಜಿಮ್ಮಿ. ಚುನಾವಣೆಯ ಮಾತು ಅಲ್ವಾ, ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ರೋಸಲಿನ್ ಬಿಡಲಿಲ್ಲ. 1970ರಲ್ಲಿ ಜಿಮ್ಮಿ ಗೆದ್ದ ಮೇಲೆ ರಾಜ್ಯದ ಮಾನಸಿಕ ಆರೋಗ್ಯ ಸಮಿತಿಯಲ್ಲಿ ಕೂತರು, ಅಟ್ಲಾಂಟಾದ ಸರ್ಕಾರಿ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡಿದರು.

ಈ ಕಷ್ಟ ಅವರಿಗೆ ಹೊಸದೇನಲ್ಲ. ಹುಟ್ಟಿದ್ದು 1927ರಲ್ಲಿ, ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಮೆಕ್ಯಾನಿಕ್. ಅವರಿಗೆ ರಕ್ತದ ಕ್ಯಾನ್ಸರ್ ಬಂತು, ಮಗಳಿಗೆ 13 ವರ್ಷ ಆದಾಗ ತೀರಿಕೊಂಡರು. ಅಮ್ಮ ಬಟ್ಟೆ ಹೊಲಿದು ಮನೆ ನಡೆಸಿದರು. ಹೊಲಿಗೆಗೂ ತಮ್ಮ-ತಂಗಿಯರಿಗೂ ರೋಸಲಿನ್ನೇ ಹೆಗಲು ಕೊಡಬೇಕಾಯಿತು. ಆರೈಕೆ ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ವೈಟ್ ಹೌಸಿಗೆ ಹೋದ ಮೇಲಿನ ಸುದ್ದಿಗಳು ನಿನಗೂ ಗೊತ್ತಿರಬಹುದು. ಗವರ್ನರ್ ಹೆಂಡತಿಯಾದಾಗ ಉಟ್ಟ ಗೌನನ್ನೇ 1977ರಲ್ಲಿ ಮತ್ತೆ ಉಟ್ಟರು ಎಂದು ಪತ್ರಿಕೆಗಳು ಗೊಣಗಿದವು. ಸಂಪುಟ ಸಭೆಯಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಾರೆ, ಇವರನ್ನು ಯಾರು ಆರಿಸಿ ಕಳಿಸಿದ್ದು ಎಂದು ಇನ್ನೂ ಜಾಸ್ತಿ ಗೊಣಗಿದವು. ಎರಡನೆಯದು ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆಯೇ. ಆದರೆ ಗೌನ್ ಬಗ್ಗೆ ಬರೆದವರಿಗೆ ಕೆಲಸ ಇರಲಿಲ್ಲ, ಬಿಡು.

ನನಗೆ ಮುಖ್ಯ ಅನ್ನಿಸುವುದು ಬೇರೆ. ಅದೇ ವರ್ಷ ಜಿಮ್ಮಿ ಮಾನಸಿಕ ಆರೋಗ್ಯದ ಬಗ್ಗೆ ಒಂದು ಆಯೋಗ ಮಾಡಿದರು. ಬಂಧುಗಳನ್ನು ಸರ್ಕಾರಿ ಹುದ್ದೆಗೆ ನೇಮಿಸಬಾರದು ಎಂಬ ಕಾನೂನು ಅಡ್ಡ ಬಂತು. ಹಾಗಾಗಿ ರೋಸಲಿನ್ ಬರೀ ಗೌರವ ಅಧ್ಯಕ್ಷೆ. ಹೆಸರಿಗೆ ಗೌರವ, ದುಡಿದದ್ದು ಮಾತ್ರ ಪೂರ್ತಿ. ದೇಶ ಸುತ್ತಿ ಜನರ ಮಾತು ಕೇಳಿದರು. 1978ರಲ್ಲಿ ವರದಿ ಬಂತು. ಮುಂದಿನ ವರ್ಷ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಅಧ್ಯಕ್ಷರ ಪತ್ನಿಯರಲ್ಲಿ ಅವರಿಗಿಂತ ಮೊದಲು ಹಾಗೆ ಸಂಸತ್ತಿನ ಮುಂದೆ ಹೋಗಿದ್ದವರು ಎಲಿನಾರ್ ರೂಸ್ವೆಲ್ಟ್ ಒಬ್ಬರೇ. 1980ರ ಅಕ್ಟೋಬರಿನಲ್ಲಿ ಕಾನೂನಿಗೆ ಸಹಿ ಬಿತ್ತು. ರೋಗಿಗಳನ್ನು ದೂರದ ದೊಡ್ಡ ಆಸ್ಪತ್ರೆಯಲ್ಲಿ ಕೂಡಿಹಾಕುವ ಬದಲು ಅವರವರ ಊರಿನ ಹತ್ತಿರವೇ ಚಿಕಿತ್ಸೆ ಸಿಗಬೇಕು, ಅದಕ್ಕೆ ಸರ್ಕಾರ ದುಡ್ಡು ಕೊಡಬೇಕು ಎಂಬುದು ಅದರ ತಿರುಳು.

ಮುಂದಿನ ತಿಂಗಳು ಅಧ್ಯಕ್ಷ ಚುನಾವಣೆಯಲ್ಲಿ ಜಿಮ್ಮಿ ರೇಗನ್ ಎದುರು ಸೋತರು. 1981ರಲ್ಲಿ ರೇಗನ್ ಸರ್ಕಾರದ ಬಜೆಟ್ ಕಾನೂನು ಆ ಕಾಯ್ದೆಯ ಬಹುಪಾಲನ್ನು ತೆಗೆದುಹಾಕಿತು. ನಾಲ್ಕು ವರ್ಷದ ಕೆಲಸ ವರ್ಷದೊಳಗೆ ಗುಡಿಸಿ ಹೋಯಿತು. ರೋಸಲಿನ್ ತಮ್ಮ ಸಿಟ್ಟನ್ನೇನೂ ಮುಚ್ಚಿಡಲಿಲ್ಲ. ನಾನಾಗಿದ್ದರೆ ಆಮೇಲೆ ತೋಟ ನೋಡಿಕೊಂಡು ಇದ್ದುಬಿಡುತ್ತಿದ್ದೆ.

ಅವರು ಮತ್ತೆ ಮೊದಲಿಂದ ಶುರು ಮಾಡಿದರು. 1982ರಲ್ಲಿ ಗಂಡ-ಹೆಂಡತಿ ಸೇರಿ ಅಟ್ಲಾಂಟಾದಲ್ಲಿ ಕಾರ್ಟರ್ ಸೆಂಟರ್ ಎಂಬ ಸೇವಾಸಂಸ್ಥೆ ಕಟ್ಟಿದರು. 1987ರಲ್ಲಿ ತಾವು ಓದಿದ ಕಾಲೇಜಿನಲ್ಲೇ ಒಂದು ಸಂಸ್ಥೆ ತೆರೆದರು. ಆ ಗಿರಣಿ ಹೆಂಗಸಿನಂಥವರಿಗೆ, ನಿನ್ನಂಥವರಿಗೆ. ಮರೆವಿನ ಕಾಯಿಲೆ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ರೋಸಲಿನ್ ಮತ್ತೆ ಮತ್ತೆ ಹೇಳುತ್ತಿದ್ದ ಮಾತೊಂದಿದೆ: ಜಗತ್ತಿನಲ್ಲಿ ನಾಲ್ಕೇ ಬಗೆಯ ಜನ. ಹಿಂದೆ ಯಾರನ್ನಾದರೂ ನೋಡಿಕೊಂಡವರು, ಈಗ ನೋಡಿಕೊಳ್ಳುತ್ತಿರುವವರು, ಮುಂದೆ ನೋಡಿಕೊಳ್ಳಬೇಕಾದವರು, ನೋಡಿಕೊಳ್ಳುವವರು ಬೇಕಾಗುವವರು.

1996ರಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಬರೆಯುವ ಪತ್ರಕರ್ತರಿಗೆ ಫೆಲೋಶಿಪ್ ಶುರು ಮಾಡಿದರು. ಮೈಯ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ವಿಮೆಯಲ್ಲಿ ತಾರತಮ್ಯ ಇರಬಾರದು ಎಂದು ವರ್ಷಗಟ್ಟಲೆ ಒತ್ತಾಯಿಸಿದರು. ಅಮೆರಿಕದಲ್ಲಿ ಆ ಕಾನೂನು ಬಂದದ್ದು 2008ರಲ್ಲಿ, ಅವರಿಗೆ 81 ಆದಾಗ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಅದೇ ಮಾತು ಹೇಳಿತು. ಊರ ಹತ್ತಿರವೇ ಚಿಕಿತ್ಸೆ ಎಂಬುದನ್ನು ಮಾತ್ರ ನಾವು ಅಮೆರಿಕದಿಂದ ಕಲಿಯಬೇಕಿರಲಿಲ್ಲ. ನಿಮ್ಹಾನ್ಸಿನವರು 1985ರಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

2023ರ ಮೇ ತಿಂಗಳಲ್ಲಿ ರೋಸಲಿನ್ ಅವರಿಗೇ ಡಿಮೆನ್ಷಿಯಾ, ಅಂದರೆ ಅದೇ ಮರೆವಿನ ಕಾಯಿಲೆ ಇದೆ ಎಂದು ಕುಟುಂಬ ತಿಳಿಸಿತು. ಮುಚ್ಚಿಡಲಿಲ್ಲ. ಅದು ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ ಇನ್ನೂ 'ವಯಸ್ಸಾಯ್ತು, ಅರಳುಮರಳು' ಅಂದು ಬಾಗಿಲು ಹಾಕಿಕೊಳ್ಳುತ್ತೇವಲ್ಲ. ಆ ವರ್ಷ ನವೆಂಬರ್ 19ರಂದು, 96ನೇ ವಯಸ್ಸಿನಲ್ಲಿ, ಪ್ಲೇನ್ಸಿನ ತಮ್ಮ ಮನೆಯಲ್ಲೇ ತೀರಿಕೊಂಡರು. ಮದುವೆಯಾಗಿ 77 ವರ್ಷ ಆಗಿತ್ತು. ಅಟ್ಲಾಂಟಾದ ಶ್ರದ್ಧಾಂಜಲಿ ಸಭೆಗೆ 99 ವರ್ಷದ ಜಿಮ್ಮಿ ಗಾಲಿಕುರ್ಚಿಯಲ್ಲಿ ಬಂದರು. ಕಾಲ ಮೇಲೆ ಹೊದಿಸಿದ್ದ ಕಂಬಳಿಯಲ್ಲಿ ಹೆಂಡತಿಯ ಚಿತ್ರ ಇತ್ತು. ನೌಕಾಪಡೆಯಲ್ಲಿದ್ದಾಗ ಅವರು ರೋಸಲಿನ್‌ಗೆ ಬರೆದ ಪ್ರೇಮಪತ್ರವನ್ನು ಮಗಳು ಆಮಿ ಓದಿದರು. ಮೆಲಾನಿಯಾ ಟ್ರಂಪ್, ಮಿಶೆಲ್ ಒಬಾಮಾ, ಹಿಲರಿ ಕ್ಲಿಂಟನ್, ಲಾರಾ ಬುಷ್, ಜಿಲ್ ಬೈಡನ್ ಹೀಗೆ ಎರಡೂ ಪಕ್ಷಗಳ ಅಧ್ಯಕ್ಷರ ಪತ್ನಿಯರು ಬಂದಿದ್ದರು. ಇವರನ್ನೆಲ್ಲ ಒಂದೇ ಕಡೆ ಕೂರಿಸುವುದು ಸುಮ್ನೆ ಮಾತಲ್ಲ!

ಇಷ್ಟು ಬರೆದದ್ದು ನಿನಗೆ ಧೈರ್ಯ ಹೇಳಲಿಕ್ಕಲ್ಲ. ನಿನ್ನ ಪಾಡು ಕೂಡ ಒಂದು ವಿಷಯವೇ, ಅದಕ್ಕಾಗಿ ಒಬ್ಬರು ಆಯುಷ್ಯ ಕಳೆದಿದ್ದಾರೆ ಎಂದು ತಿಳಿಸಲಿಕ್ಕೆ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮನಿಗಲ್ಲ, ನಿನಗೆ. ರಾತ್ರಿ ನಿದ್ದೆ ಇಲ್ಲದಿರುವುದನ್ನು ಅಮ್ಮನ ಡಾಕ್ಟರ ಹತ್ತಿರವೂ ಹೇಳು.

ಶನಿವಾರ ನಾನು ಬರುತ್ತೇನೆ, ರಾತ್ರಿ ಅಲ್ಲೇ ಇರುತ್ತೇನೆ. ಮಾತ್ರೆಗಳ ಪಟ್ಟಿ ಬರೆದಿಡು. ನೀನು ನಿನ್ನ ಅಕ್ಕನ ಮನೆಗೆ ಹೋಗಿ ಮಲಗಿ ಬಾ.

ನಿನ್ನ,
ಹಳೇ ಬೆಂಚಿನವನು